ಅರ್ತ್ ಗುಂಡಿಯಿಂದ ಸಹಿಯವರೆಗೆ: ವಿದ್ಯುತ್ ಪರವಾನಗಿಯ ಪರೀಕ್ಷೆಯನ್ನು ಕುರಿತ ಒಂದು ಸಂವಾದ

ಕರ್ನಾಟಕದಲ್ಲಿ ರಸ್ತೆ, ಸೇತುವೆ, ಶಾಲಾ ಕಟ್ಟಡಗಳನ್ನು ಕಟ್ಟುವ ಸಿವಿಲ್ ಗುತ್ತಿಗೆದಾರರು ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆವಾರು ನೋಂದಣಿ ಮಾಡಿಸಿಕೊಳ್ಳುತ್ತಾರೆಯೇ ಹೊರತು ಲಿಖಿತ ಪರೀಕ್ಷೆಯನ್ನು ಬರೆಯುವುದಿಲ್ಲ. ಹಿಂದೆ ಮುಗಿಸಿಕೊಟ್ಟ ಕಾಮಗಾರಿಗಳ ಪ್ರಮಾಣಪತ್ರ, ಹಣಕಾಸಿನ ಶಕ್ತಿಯನ್ನು ತೋರಿಸುವ ದಾಖಲೆ, ತೆರಿಗೆ ಕಟ್ಟಿದ ರಸೀದಿ ಇವುಗಳೇ ಅಲ್ಲಿ ಅರ್ಹತೆಯನ್ನು ನಿರ್ಧರಿಸುತ್ತವೆ. ವಿದ್ಯುತ್ ಕೆಲಸದ ಮಾತು ಬೇರೆ. ಮನೆ, ಗಿರಣಿ, ಪಂಪ್‌ಸೆಟ್ಟುಗಳಿಗೆ ವೈರಿಂಗ್ ಮಾಡುವ ಗುತ್ತಿಗೆದಾರರಿಗೆ, ಅವರ ಕೆಲಸವನ್ನು ನೋಡಿಕೊಳ್ಳುವ ಮೇಲ್ವಿಚಾರಕರಿಗೆ ಮತ್ತು ತಂತಿಯನ್ನು ಕೈಯಲ್ಲಿ ಹಿಡಿಯುವ ವೈರ್‌ಮನ್‌ಗಳಿಗೆ ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯವು ಪರವಾನಗಿ ಮತ್ತು ಅನುಮತಿ ಪತ್ರಗಳನ್ನು ನೀಡುತ್ತದೆ. ಕೈಕಸುಬಿನಿಂದ ಮೇಲೆ ಬಂದವರಿಗೆ ಆ ಪತ್ರಗಳ ದಾರಿ ಪರೀಕ್ಷೆಯ ಮೂಲಕವೇ ಹಾದುಹೋಗುತ್ತದೆ.

ಈ ಪರೀಕ್ಷೆಗೆ ಸಿದ್ಧತೆ ಎಂದರೆ ಏನು ಎಂಬುದು ಮುಂದಿನ ಸಂವಾದದ ವಿಷಯ. ಮಾತನಾಡುವವರಲ್ಲಿ ಒಬ್ಬರು ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಿ ಕೊಳವೆ ಬಾವಿಗೆ ಮೋಟಾರು ಇಳಿಸುವ, ಸ್ಟಾರ್ಟರ್ ಕೂರಿಸುವ ಕೆಲಸದಲ್ಲಿ ಪಳಗಿದ ಕಸುಬುದಾರರು, ಇನ್ನೊಬ್ಬರು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಗತಿಗೆ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳು ಇಂದು ಬಹುಮಟ್ಟಿಗೆ ವಿದ್ಯುತ್ತಿನಿಂದಲೇ ನೀರುಣ್ಣುತ್ತಿರುವುದರಿಂದ, ಈ ಸೀಮೆಯಲ್ಲಿ ತಂತಿಯ ಕೆಲಸವು ಬೇಸಾಯದ ಒಂದು ಅಂಗವೇ ಆಗಿದೆ ಎಂಬುದನ್ನು ನೆನಪಿನಲ್ಲಿಟ್ಟು ಈ ಮಾತುಕತೆಯನ್ನು ಓದಬೇಕು.

ಕಸುಬುದಾರರು: ಮೇಷ್ಟ್ರೇ, ಸೇತುವೆ ಕಟ್ಟುವವರಿಗೆ ಇಲ್ಲದ ಪರೀಕ್ಷೆ ಸ್ವಿಚ್ಚು ಕೂರಿಸುವವರಿಗೆ ಏಕೆ? ಹತ್ತಾರು ವರ್ಷ ತೋಟ ತೋಟ ಅಲೆದು ಮೋಟಾರು ಕಟ್ಟಿದವರ ಕೈಗೆ ಗೊತ್ತಿಲ್ಲದ್ದು ಮೂರು ಗಂಟೆಯ ಪ್ರಶ್ನೆಪತ್ರಿಕೆಗೆ ಗೊತ್ತಿರಲು ಸಾಧ್ಯವೇ?

ಮೇಷ್ಟ್ರು: ಸೇತುವೆ ಕಟ್ಟುವಾಗ ಸರ್ಕಾರದ ಎಂಜಿನಿಯರು ನಕ್ಷೆ ಕೊಡುತ್ತಾರೆ, ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಕಾಂಕ್ರೀಟಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ತೋಟದ ಪಂಪ್‌ಮನೆಯಲ್ಲಿ ಅಂಥ ಎರಡನೆಯ ಕಣ್ಣು ಇರುವುದಿಲ್ಲ. ಗೋಡೆಯೊಳಗೆ ಹೋದ ತಂತಿಯನ್ನು, ಮಣ್ಣಿನೊಳಗೆ ಹೋದ ಅರ್ತ್ ಪಟ್ಟಿಯನ್ನು ಮತ್ತೆ ಯಾರೂ ಬಿಚ್ಚಿ ನೋಡುವುದಿಲ್ಲ. ಆದ್ದರಿಂದ ಕಾನೂನು ಕೆಲಸವನ್ನು ಪರೀಕ್ಷಿಸುವುದಕ್ಕಿಂತ ಮೊದಲು ಕೆಲಸ ಮಾಡುವವರನ್ನು ಪರೀಕ್ಷಿಸುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೂ ಬಂದಾಗ ಅದನ್ನು ಮುಟ್ಟುತ್ತಿದ್ದವರು ಕಂಪನಿಯ ಮತ್ತು ಸರ್ಕಾರದ ಕೆಲವೇ ನುರಿತ ಜನ. ವಿದ್ಯುತ್ತು ಊರೂರಿಗೆ, ಆಮೇಲೆ ತೋಟ ತೋಟಕ್ಕೆ ಹರಿದಂತೆ ಮುಟ್ಟುವ ಕೈಗಳು ಹೆಚ್ಚಿದವು, ನಿಯಮಗಳೂ ಬಿಗಿಯಾದವು. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು ಬಳಕೆದಾರರ ಆವರಣದಲ್ಲಿ ನಡೆಯುವ ವಿದ್ಯುತ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲೇ, ಅನುಮತಿ ಪತ್ರವುಳ್ಳ ಕೆಲಸಗಾರರಿಂದಲೇ ಮಾಡಿಸಬೇಕೆಂದು ವಿಧಿಸಿತು. 2003ರ ವಿದ್ಯುತ್ ಅಧಿನಿಯಮ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರವು ಸುರಕ್ಷತೆ ಮತ್ತು ಪೂರೈಕೆಯನ್ನು ಕುರಿತು 2010ರಲ್ಲಿ ಹೊರಡಿಸಿದ ನಿಯಮಾವಳಿಯೂ, ಅದರ ಜಾಗಕ್ಕೆ 2023ರಲ್ಲಿ ಬಂದ ಹೊಸ ನಿಯಮಾವಳಿಯೂ ಇದೇ ಏರ್ಪಾಟನ್ನು ಮುಂದುವರಿಸಿವೆ.

ಕಸುಬುದಾರರು: ಹಾಗಾದರೆ ಬಲ್ಬು ಬದಲಾಯಿಸಲೂ ಪರವಾನಗಿ ಬೇಕೆಂದಾಯಿತು.

ಮೇಷ್ಟ್ರು: ಬೇಡ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆಬಳಕೆಯ ಸಣ್ಣ ಸಲಕರಣೆ ಇವುಗಳನ್ನು ಬದಲಿಸುವುದಕ್ಕೆ ನಿಯಮವೇ ವಿನಾಯಿತಿ ಕೊಟ್ಟಿದೆ; ಆದರೆ ಆ ವಿನಾಯಿತಿಗೆ ಒಂದು ಷರತ್ತಿದೆ, ಬದಲಾವಣೆಯಿಂದ ಸ್ಥಾವರದ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬೇರೆಯಾಗಕೂಡದು. ಇಲ್ಲಿ ಸ್ಥಾವರವೆಂದರೆ ಮೀಟರಿನಿಂದ ಆಚೆಗೆ ಬಳಕೆದಾರರ ಆವರಣದಲ್ಲಿರುವ ತಂತಿ, ಸಲಕರಣೆ, ಅರ್ತಿಂಗ್ ಎಲ್ಲವೂ ಸೇರಿದ ಏರ್ಪಾಟು. ಸುಟ್ಟುಹೋದ ಫ್ಯೂಸಿಗೆ ಅದೇ ಅಳತೆಯ ಇನ್ನೊಂದು ಫ್ಯೂಸು ಹಾಕಿದರೆ ವಿನಾಯಿತಿಯೊಳಗಿನ ಕೆಲಸ; 5 ಎಚ್.ಪಿ. ಮೋಟಾರು ಎತ್ತಿ ಅದೇ ಸ್ಟಾರ್ಟರಿಗೆ, ಅದೇ ಕೇಬಲಿಗೆ 10 ಎಚ್.ಪಿ. ಮೋಟಾರು ಕೊಟ್ಟರೆ ಸಾಮರ್ಥ್ಯವೇ ಬದಲಾಯಿತು. ನೀರು ಆಳಕ್ಕೆ ಇಳಿದಂತೆಲ್ಲ ದೊಡ್ಡ ಮೋಟಾರು ಬೇಕಾಗುವ ಈ ಸೀಮೆಯಲ್ಲಿ ಎರಡನೆಯ ಬಗೆಯ ಕೆಲಸವೇ ಹೆಚ್ಚು, ಮತ್ತು ಅದನ್ನು ಮೊದಲನೆಯ ಬಗೆಯೆಂದು ತಿಳಿದು ಮಾಡುವವರೂ ಹೆಚ್ಚು. ಪರೀಕ್ಷೆಗೆ ಓದುವವರು ನಿಯಮದ ಸಂಖ್ಯೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಇಂಥ ಗೆರೆ ಎಲ್ಲಿ ಬೀಳುತ್ತದೆಂದು ತಿಳಿಯುವುದು ಮೇಲು.

ಕಸುಬುದಾರರು: ಅಮೆರಿಕಕ್ಕೆ ಹೋಗಿ ನೆಲೆಸಿದ ನೆಂಟರೊಬ್ಬರು ಹೇಳುವಂತೆ ಅಲ್ಲಿ ಮನೆ ಕಟ್ಟಿಸಿಕೊಡುವ ಸಾಮಾನ್ಯ ಗುತ್ತಿಗೆದಾರರೂ ಪರೀಕ್ಷೆ ಬರೆಯುತ್ತಾರಂತೆ. ಅದು ನಿಜವೇ?

ಮೇಷ್ಟ್ರು: ಹಲವು ರಾಜ್ಯಗಳಲ್ಲಿ ನಿಜ. ಕ್ಯಾಲಿಫೋರ್ನಿಯಾದಲ್ಲಿ ಗುತ್ತಿಗೆದಾರರ ಪರವಾನಗಿ ಮಂಡಳಿಯೊಂದು 1929ರಿಂದಲೂ ಇದೆ. ಅಲ್ಲಿ ಕಟ್ಟಡದ ಸಾಮಾನ್ಯ ಗುತ್ತಿಗೆದಾರರಾಗಬೇಕಾದವರು ನಾಲ್ಕು ವರ್ಷಗಳ ಪಳಗಿದ ಅನುಭವವನ್ನು ತೋರಿಸಿ, ಎರಡು ಭಾಗಗಳ ಪರೀಕ್ಷೆಯನ್ನು ಬರೆಯಬೇಕು, ಒಂದು ಕಸುಬಿನದು, ಇನ್ನೊಂದು ಕಾನೂನು ಮತ್ತು ವ್ಯವಹಾರದ್ದು. ಕರಾರುಪತ್ರ ಹೇಗಿರಬೇಕು, ಕೂಲಿಯಾಳಿಗೆ ಪೆಟ್ಟಾದರೆ ವಿಮೆ ಯಾರದ್ದು, ಮುಂಗಡವನ್ನು ಎಷ್ಟರವರೆಗೆ ಪಡೆಯಬಹುದು ಎಂಬಂಥವು ಎರಡನೆಯ ಭಾಗದಲ್ಲಿ ಬರುತ್ತವೆ. ನಮ್ಮ ಸಿವಿಲ್ ಗುತ್ತಿಗೆದಾರರ ನೋಂದಣಿಗೂ ಅಂಥದ್ದೊಂದು ಪರೀಕ್ಷೆ ಇದ್ದಿದ್ದರೆ ಹಳ್ಳಿಗಳಲ್ಲಿ ಮನೆ ಕಟ್ಟಿಸುವವರಿಗೆ ನ್ಯಾಯವಾಗುತ್ತಿತ್ತು ಎಂದು ವಾದಿಸಲು ಸಾಕಷ್ಟು ಕಾರಣಗಳಿವೆ. ಆದರೆ ಅದು ಬೇರೆಯದೇ ಚರ್ಚೆ.

ಕಸುಬುದಾರರು: ಸರಿ, ಓದಲು ಕುಳಿತರೆ ಎದುರಿಗೆ ರಾಶಿಯೇ ಬೀಳುತ್ತದೆ: ಓಮನ ನಿಯಮ, ಮೂರು ಫೇಸಿನ ಲೆಕ್ಕ, ಮೋಟಾರು, ಟ್ರಾನ್ಸ್‌ಫಾರ್ಮರು, ಕಾನೂನು, ನಕ್ಷೆ. ಯಾವ ತುದಿಯಿಂದ ಹಿಡಿಯಬೇಕು?

ಮೇಷ್ಟ್ರು: ಅರ್ತಿಂಗಿನಿಂದ. ಲೋಹದ ಪೆಟ್ಟಿಗೆ, ಮೋಟಾರಿನ ಮೈ ಇವುಗಳನ್ನು ಭೂಮಿಗೆ ತಂತಿಯಿಂದ ಜೋಡಿಸುವುದಕ್ಕೆ ಅರ್ತಿಂಗ್ ಅಥವಾ ಭೂಸಂಪರ್ಕ ಎನ್ನುತ್ತಾರೆ. ಅದನ್ನು ಸರಿಯಾಗಿ ತಿಳಿಯಲು ಹೊರಟರೆ ಓಮನ ನಿಯಮ, ಫ್ಯೂಸಿನ ಸ್ವಭಾವ, ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್, ಮಣ್ಣಿನ ಗುಣ, ಕಾನೂನು ಎಲ್ಲವೂ ಒಂದರ ಹಿಂದೊಂದು ಬರಲೇಬೇಕಾಗುತ್ತದೆ. ಈಗ ಹೇಳಿ, ಪಂಪ್‌ಮನೆಯ ಬಳಿ ಅರ್ತಿಂಗನ್ನು ಹೇಗೆ ಮಾಡುವುದು ರೂಢಿ?

ಕಸುಬುದಾರರು: ಗುಂಡಿ ತೆಗೆದು, ಜಿ.ಐ., ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವುದು. ಇದ್ದಿಲಿಗೆ ಇಲ್ಲಿ ಬರವಿಲ್ಲ. ತೆಂಗಿನ ಚಿಪ್ಪು ಸುಡುವ ಗೂಡುಗಳು ತಿಪಟೂರಿನ ಸುತ್ತ ಬೇಕಾದಷ್ಟಿವೆ. ಆತುರದ ಕೆಲಸವಾದರೆ ಕೊಳವೆ ಬಾವಿಯ ಕೇಸಿಂಗ್ ಪೈಪಿಗೇ ತಂತಿ ಸುತ್ತಿಬಿಡುವುದೂ ಉಂಟು.

ಮೇಷ್ಟ್ರು: ಮೊದಲನೆಯದು ಸರಿ. ಅರ್ತಿಂಗನ್ನು ಕುರಿತ ಭಾರತೀಯ ಮಾನಕ 3043ರ ಪ್ರಕಾರ ಪೈಪು ಕನಿಷ್ಠ 2.5 ಮೀಟರ್ ಉದ್ದವಿರಬೇಕು. ಪೈಪಿನ ಬದಲು ಹಲಗೆಯನ್ನು ಹೂಳುವುದಾದರೆ 600 ಮಿ.ಮೀ. ಚಚ್ಚೌಕದ್ದಾಗಿ, ತಾಮ್ರವಾದರೆ 3.15 ಮಿ.ಮೀ., ಜಿ.ಐ. ಆದರೆ 6.3 ಮಿ.ಮೀ. ದಪ್ಪವಿದ್ದು, ಅದರ ಮೇಲಂಚು ನೆಲದಿಂದ ಒಂದೂವರೆ ಮೀಟರಾದರೂ ಕೆಳಗಿರಬೇಕು. ಇದ್ದಿಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಆ ತೇವಕ್ಕೆ ವಿದ್ಯುತ್ತನ್ನು ಸಾಗಿಸುವ ಶಕ್ತಿ ಕೊಡುತ್ತದೆ. ಆದರೆ ಉಪ್ಪು ಮಳೆಗೆ ಕರಗಿಹೋಗುವುದರಿಂದಲೂ ಪೈಪನ್ನು ಸವೆಸುವುದರಿಂದಲೂ ಗುಂಡಿಯನ್ನು ಒಮ್ಮೆ ಮಾಡಿ ಮರೆಯುವಂತಿಲ್ಲ. ಎರಡನೆಯ ರೂಢಿ ಉಕ್ಕಿನ ಕೇಸಿಂಗ್ ಇದ್ದ ಕಾಲದಲ್ಲಿ ಹೇಗೋ ನಡೆಯುತ್ತಿತ್ತು. ಈಗ ಇಳಿಸುವುದು ಪಿ.ವಿ.ಸಿ. ಕೇಸಿಂಗ್, ಅದಕ್ಕೆ ಸುತ್ತಿದ ತಂತಿ ಭೂಮಿಯನ್ನು ಮುಟ್ಟುವುದೇ ಇಲ್ಲ. ಇನ್ನು ಲೆಕ್ಕಕ್ಕೆ ಬರೋಣ. ಬೇಸಿಗೆಯಲ್ಲಿ ಒಣಗಿದ ಕೆಂಪು ಮಣ್ಣಿನ ಒಂದು ಗುಂಡಿಯ ರೋಧ, ಅಂದರೆ ವಿದ್ಯುತ್ ಹರಿಯುವುದಕ್ಕೆ ಅದು ಒಡ್ಡುವ ತಡೆ, 20 ಓಮ್ ಇದೆಯೆಂದು ಇಟ್ಟುಕೊಳ್ಳಿ, ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲನ್ನು ಭೂಮಿಗಿಳಿಸಿರುವ ಗುಂಡಿಯದು 5 ಓಮ್. ಸ್ಟಾರ್ಟರಿನೊಳಗೆ ಒಂದು ಫೇಸ್ ತಂತಿಯ ಹೊದಿಕೆ ಸವೆದು ಲೋಹದ ಪೆಟ್ಟಿಗೆಗೆ ತಗುಲಿತು. ಎಷ್ಟು ಕರೆಂಟು ಹರಿಯುತ್ತದೆ?

ಕಸುಬುದಾರರು: ಒಂದು ಫೇಸಿನದು 230 ವೋಲ್ಟು, ಒಟ್ಟು ರೋಧ 25 ಓಮ್. ಭಾಗಿಸಿದರೆ 9.2 ಆಂಪಿಯರ್.

ಮೇಷ್ಟ್ರು: ಸ್ಟಾರ್ಟರಿನ ಮುಂದಿರುವ ಫ್ಯೂಸು 16 ಆಂಪಿಯರಿನದಾದರೆ?

ಕಸುಬುದಾರರು: ಹೋಗುವುದಿಲ್ಲ. ಅಂದರೆ ಅರ್ತ್ ಮಾಡಿದ್ದರೂ ಫ್ಯೂಸು ಉಳಿದುಕೊಂಡು, ಪೆಟ್ಟಿಗೆಯಲ್ಲಿ ಕರೆಂಟು ನಿಂತೇ ಇರುತ್ತದೆ.

ಮೇಷ್ಟ್ರು: ಪೆಟ್ಟಿಗೆಗೂ ನೆಲಕ್ಕೂ ನಡುವಿನ ವೋಲ್ಟೇಜು 9.2ನ್ನು 20ರಿಂದ ಗುಣಿಸಿದಷ್ಟು, ಅಂದರೆ 184 ವೋಲ್ಟು. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ಟಾರ್ಟರ್ ಒತ್ತಲು ಬಂದ ರೈತರ ಮೈಯ ರೋಧವನ್ನು ಸುಮಾರು 1000 ಓಮ್ ಎಂದು ಹಿಡಿದರೆ ಅವರ ಮೂಲಕ 184 ಮಿಲಿಆಂಪಿಯರ್ ಹರಿಯುತ್ತದೆ. ಮೈಮೂಲಕ ಹರಿಯುವ ಕರೆಂಟು 30 ಮಿಲಿಆಂಪಿಯರನ್ನು ದಾಟಿ ಸ್ವಲ್ಪ ಹೊತ್ತು ನಿಂತರೂ ಹೃದಯದ ಬಡಿತ ಕೆಡುವ ಅಪಾಯವಿದೆ; ಇದು ಅದರ ಆರು ಪಟ್ಟು. ಗುಂಡಿ ತೆಗೆದದ್ದು, ಇದ್ದಿಲು ತುಂಬಿದ್ದು ಎಲ್ಲವೂ ಕಣ್ಣಿಗೆ ಸರಿಯಾಗಿಯೇ ಕಂಡಿತ್ತು. ತಪ್ಪು ಕಾಣಿಸಿಕೊಂಡದ್ದು ಭಾಗಾಕಾರದಲ್ಲಿ ಮಾತ್ರ.

ಈ ಲೆಕ್ಕವೇ ಇಡೀ ಪರೀಕ್ಷೆಯ ಸಮರ್ಥನೆ ಎಂದರೆ ಅತಿಶಯವಾಗದು. ಕೈಯ ಅನುಭವವು ಕಣ್ಣಿಗೆ ಕಂಡ ತಪ್ಪುಗಳನ್ನು ತಿದ್ದಿಕೊಳ್ಳುತ್ತ ಬೆಳೆಯುತ್ತದೆ. ಮೋಟಾರು ಉಲ್ಟಾ ತಿರುಗಿದರೆ ಎರಡು ಫೇಸ್ ಅದಲುಬದಲು ಮಾಡುವುದನ್ನು, ಕಾಂಟ್ಯಾಕ್ಟರ್ ಸದ್ದು ಮಾಡಿದರೆ ಕಾಯಿಲಿನ ವೋಲ್ಟೇಜು ನೋಡುವುದನ್ನು ಅದು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಆದರೆ ಅರ್ತಿಂಗಿನ ಲೋಪವು ವರ್ಷಗಟ್ಟಲೆ ಏನನ್ನೂ ತೋರಿಸದೆ ಸುಮ್ಮನಿದ್ದು, ತೋರಿಸಿದ ದಿನವೇ ಒಂದು ಜೀವವನ್ನು ತೆಗೆದುಕೊಳ್ಳುತ್ತದೆ. ಇಂಥ ವಿಷಯವನ್ನು ತಪ್ಪು ಮಾಡಿ ಕಲಿಯಲು ಯಾವ ಕಸುಬುದಾರರಿಗೂ ಅವಕಾಶ ಕೊಡಬಾರದು, ಲೆಕ್ಕ ಮಾಡಿ ಕಲಿಯಲೇಬೇಕು.

ಕಸುಬುದಾರರು: ಹಾಗಾದರೆ ಗುಂಡಿಯ ರೋಧವನ್ನು ಒಂದು ಓಮಿಗೆ ಇಳಿಸಬೇಕೆ? ಈ ಮಣ್ಣಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಅದು ಆಗುವ ಮಾತಲ್ಲ.

ಮೇಷ್ಟ್ರು: ಒಂದೇ ಗುಂಡಿಯಿಂದ ಆಗದು, ಮತ್ತು ಒಂದು ಗುಂಡಿಯನ್ನೇ ನಂಬಲೂಬಾರದು. ಮೂರು ಫೇಸಿನ ಮೋಟಾರಿನ ಮೈಯನ್ನು ಎರಡು ಬೇರೆ ಬೇರೆ ಸಂಪರ್ಕಗಳ ಮೂಲಕ ಭೂಮಿಗೆ ಜೋಡಿಸಬೇಕೆಂದು ನಿಯಮ ಹೇಳುವುದು, ಒಂದು ತುಕ್ಕು ಹಿಡಿದು ಕಳಚಿದರೂ ಇನ್ನೊಂದು ಉಳಿಯಲೆಂದು. ಆದರೆ ಫ್ಯೂಸು ಮಾಡಲಾಗದ ಕೆಲಸವನ್ನು ಆರ್.ಸಿ.ಸಿ.ಬಿ. ಮಾಡುತ್ತದೆ. ಫೇಸುಗಳ ಮೂಲಕ ಒಳಗೆ ಹೋದ ಕರೆಂಟು ಅಷ್ಟೂ ಹಿಂದಿರುಗಿತೇ ಎಂದು ಸದಾ ಅಳೆಯುತ್ತ, ಸ್ವಲ್ಪ ಭೂಮಿಗೆ ಸೋರಿದರೂ ಕ್ಷಣಾರ್ಧದಲ್ಲಿ ಪೂರೈಕೆಯನ್ನು ಕಡಿಯುವ ಸ್ವಿಚ್ಚು ಅದು. ಲೋಹದ ಮೈಯಲ್ಲಿ 50 ವೋಲ್ಟಿಗಿಂತ ಹೆಚ್ಚು ನಿಲ್ಲಬಾರದೆಂಬ ಮಿತಿಯನ್ನು ಇಟ್ಟುಕೊಂಡು 30 ಮಿಲಿಆಂಪಿಯರಿನ ಸ್ವಿಚ್ಚಿಗೆ ಲೆಕ್ಕ ಹಾಕಿದರೆ, ಗುಂಡಿಯ ರೋಧ ಸುಮಾರು 1,667 ಓಮ್‌ವರೆಗೆ ಇದ್ದರೂ ಅದು ತನ್ನ ಕೆಲಸ ಮಾಡುತ್ತದೆ.

ಕಸುಬುದಾರರು: ರೈತರು ಅದನ್ನು ಇರಗೊಡುವುದಿಲ್ಲ, ಮೇಷ್ಟ್ರೇ. ತ್ರೀಫೇಸ್ ಬರುವುದೇ ದಿನಕ್ಕೆ ಕೆಲವು ಗಂಟೆ, ಅದೂ ಒಮ್ಮೊಮ್ಮೆ ನಡುರಾತ್ರಿ. ಆಟೋ ಸ್ಟಾರ್ಟರ್ ಹಾಕಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದಾಗ ಸ್ವಿಚ್ಚು ಬಿದ್ದು ಮೋಟಾರು ಓಡದೇ ಇದ್ದರೆ, ಮರುದಿನವೇ ಅದನ್ನು ಕಿತ್ತು ನೇರ ಮಾಡಿಬಿಡಿ ಎನ್ನುತ್ತಾರೆ. ಹಳೆಯ ಸಬ್‌ಮರ್ಸಿಬಲ್ ಮೋಟಾರು ನೀರಿನಲ್ಲಿ ಕುಳಿತು ಅಷ್ಟಿಷ್ಟು ಸೋರುವುದು ಸಹಜವೇ ಅಲ್ಲವೇ?

ಮೇಷ್ಟ್ರು: ರೈತರ ದೂರು ನ್ಯಾಯವಾದದ್ದು, ನೀರು ತಪ್ಪಿದ ರಾತ್ರಿಯ ನಷ್ಟ ಅವರದ್ದೇ. ಅದಕ್ಕೆ ಉತ್ತರವನ್ನು ಮೇಲ್ವಿಚಾರಕರು ಲೆಕ್ಕದಲ್ಲೇ ಹುಡುಕಬೇಕು. ಮೋಟಾರಿನ ದಾರಿಗೆ 100 ಮಿಲಿಆಂಪಿಯರಿನ ನಾಲ್ಕು ಪೋಲಿನ ಸ್ವಿಚ್ಚು ಹಾಕಿದರೆ ಸಹಜ ಸೋರಿಕೆಗೆ ಅದು ಬೀಳುವುದು ಕಡಿಮೆ. ಆಗಲೂ ಗುಂಡಿಯ ರೋಧ 500 ಓಮ್‌ವರೆಗೆ ಇರಬಹುದು, ನಮ್ಮ 20 ಓಮಿನ ಗುಂಡಿ ಎಷ್ಟೋ ಮೇಲು. ಪಂಪ್‌ಮನೆಯ ದೀಪಕ್ಕೆ, ಪ್ಲಗ್ಗಿಗೆ ಬೇರೆಯಾಗಿ 30ರದ್ದು ಇರಲಿ. ಅಷ್ಟಾದ ಮೇಲೂ ಸ್ವಿಚ್ಚು ಬೀಳುತ್ತಿದ್ದರೆ ಮೋಟಾರನ್ನು ಮೆಗ್ಗರಿನಿಂದ ಪರೀಕ್ಷಿಸಬೇಕು. ಮೆಗ್ಗರ್ ಎಂದರೆ ತಂತಿಯ ಹೊದಿಕೆ ಎಷ್ಟು ಗಟ್ಟಿಯಾಗಿ ಕರೆಂಟನ್ನು ತಡೆಯುತ್ತದೆಂದು ಅಳೆಯುವ ಉಪಕರಣ. 500 ವೋಲ್ಟನ್ನು ಒಂದು ನಿಮಿಷ ಕೊಟ್ಟಾಗ ರೋಧ ಕನಿಷ್ಠ ಒಂದು ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್ ಇರಬೇಕೆಂಬುದು ಹೊಸ ಸ್ಥಾವರಕ್ಕೆ ವಿದ್ಯುತ್ ಕೊಡುವ ಮೊದಲು ನೋಡಬೇಕಾದ ಮಿತಿ. ಮಿತಿಗಿಂತ ಬಹಳ ಕೆಳಗಿಳಿದ ಮೋಟಾರು ಇಂದಲ್ಲ ನಾಳೆ ಸುಡುವಂಥದ್ದೇ. ಬಿದ್ದ ಸ್ವಿಚ್ಚು ಅದನ್ನು ಮುಂಚಿತವಾಗಿ ತಿಳಿಸಿತೆಂದು ರೈತರಿಗೆ ಅಂಕಿ ತೋರಿಸಿ ವಿವರಿಸಿದರೆ ಒಪ್ಪುವವರು ಇದ್ದಾರೆ.

ಕಸುಬುದಾರರು: ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಒಂದು ಫೇಸ್ ಎಳೆದು, ನ್ಯೂಟ್ರಲಿನ ಬದಲು ನೆಲಕ್ಕೆ ಕಂಬಿ ಹೊಡೆದು ತೋಟದ ಮನೆಗೆ ದೀಪ ಹಚ್ಚುವವರೂ ಇದ್ದಾರಲ್ಲ?

ಮೇಷ್ಟ್ರು: ಅದು ಎಲ್ಲಕ್ಕಿಂತ ಕೆಟ್ಟದ್ದು. ದೀಪದ ಕರೆಂಟೆಲ್ಲ ಆ ಕಂಬಿಯ ಮೂಲಕ ಮಣ್ಣಿಗಿಳಿಯುವುದರಿಂದ ಕಂಬಿಯ ಸುತ್ತಲಿನ ನೆಲದಲ್ಲಿ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ವೋಲ್ಟೇಜಿನ ಅಂತರ ಉಂಟಾಗುತ್ತದೆ. ಇದಕ್ಕೆ ಹೆಜ್ಜೆ ವೋಲ್ಟೇಜ್ ಎನ್ನಬಹುದು. ದನಗಳ ಮುಂಗಾಲು ಹಿಂಗಾಲುಗಳ ನಡುವಿನ ದೂರ ಮನುಷ್ಯರ ಹೆಜ್ಜೆಗಿಂತ ಹೆಚ್ಚು, ಆ ದಾರಿಯಲ್ಲಿ ಹೃದಯವೂ ಬರುತ್ತದೆ. ಮನುಷ್ಯರಿಗೆ ಜುಮ್ಮೆನ್ನಿಸುವಷ್ಟರಲ್ಲಿ ಹಸು ಸತ್ತುಬೀಳುವುದು ಇದರಿಂದಲೇ. ಇಂಥ ಕೆಲಸಕ್ಕೆ ಪರವಾನಗಿ ಇದ್ದವರೂ ಇಲ್ಲದವರೂ ಕೈಹಾಕಕೂಡದು.

ಕಸುಬುದಾರರು: ಕೇಬಲಿನ ಅಳತೆಯ ಪ್ರಶ್ನೆ ಪ್ರತಿ ಸಲವೂ ಬರುತ್ತದೆನ್ನುತ್ತಾರೆ. ಇಲ್ಲಿ ಅಂಗಡಿಯಲ್ಲಿ ಮೋಟಾರಿನ ಎಚ್.ಪಿ. ಹೇಳಿದರೆ ಸಾಕು, ಅವರೇ ಕೇಬಲ್ ಕತ್ತರಿಸಿ ಕೊಡುತ್ತಾರೆ.

ಮೇಷ್ಟ್ರು: ಎಚ್.ಪಿ. ಅರ್ಧ ಉತ್ತರ ಮಾತ್ರ, ಉಳಿದರ್ಧ ಆಳದಲ್ಲಿದೆ. 10 ಎಚ್.ಪಿ. ಮೋಟಾರು ಸುಮಾರು 16 ಆಂಪಿಯರ್ ಎಳೆಯುತ್ತದೆ, ಮೋಟಾರಿನವರೆಗೆ ಕೇಬಲಿನ ಉದ್ದ 300 ಮೀಟರ್, ಪವರ್ ಫ್ಯಾಕ್ಟರ್ 0.8 ಎಂದು ಇಟ್ಟುಕೊಳ್ಳಿ. ತಾಮ್ರದ ಕೇಬಲಿನ ರೋಧ ಕಿಲೋಮೀಟರಿಗೆ 4 ಚದರ ಮಿ.ಮೀ.ಗೆ 4.61 ಓಮ್, 6ಕ್ಕೆ 3.08, 10ಕ್ಕೆ 1.83. ಮೂರು ಫೇಸಿನ ಲೆಕ್ಕವಾದ್ದರಿಂದ ಮೂರರ ವರ್ಗಮೂಲವಾದ 1.732ರಿಂದಲೂ ಗುಣಿಸಿದರೆ, ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜು ಮೊದಲನೆಯದಕ್ಕೆ ಸುಮಾರು 31, ಎರಡನೆಯದಕ್ಕೆ 20, ಮೂರನೆಯದಕ್ಕೆ 12 ವೋಲ್ಟು ಬರುತ್ತದೆ. 415ರಲ್ಲಿ 31 ಹೋದರೆ ಶೇ 7ಕ್ಕಿಂತ ಹೆಚ್ಚು ಹೋದಂತೆ. ಮೋಟಾರು ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ ಬಲದಲ್ಲಿ ಶೇ 14ರಷ್ಟು ಹೋಯಿತು. ಟಿ.ಸಿ.ಯಲ್ಲೇ ವೋಲ್ಟೇಜು ಕುಸಿದಿರುವ ಹೊತ್ತಿನಲ್ಲಿ ಈ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತದೆ. ಸುಟ್ಟ ಮೋಟಾರಿನ ದೂರು ಬರುವುದು ಮೋಟಾರಿನ ಕಂಪನಿಯ ಮೇಲೆ ಅಥವಾ ವಿದ್ಯುತ್ ಪೂರೈಸುವ ಬೆಸ್ಕಾಂ ಮೇಲೆ. ತೆಳು ಕೇಬಲಿನ ಮೇಲೆ ಯಾರ ಅನುಮಾನವೂ ಹೋಗುವುದಿಲ್ಲ.

ಕಸುಬುದಾರರು: ಕಂಬದ ಮೇಲಿನ ತಂತಿಗಳ ಎತ್ತರವನ್ನೂ ಕಲಿಯಬೇಕೆ? ಅದು ಲೈನ್‌ಮನ್‌ಗಳ ವಿಷಯವಲ್ಲವೇ?

ಮೇಷ್ಟ್ರು: ತೆಂಗಿನ ಸೀಮೆಯಲ್ಲಿ ಎಲ್ಲರ ವಿಷಯ. ರಸ್ತೆಯನ್ನು ದಾಟುವ ಕಡೆ ಕಡಿಮೆ ವೋಲ್ಟೇಜಿನ ತಂತಿ 5.8 ಮೀಟರ್, 11 ಕೆ.ವಿ. ತಂತಿ 6.1 ಮೀಟರ್ ಎತ್ತರದಲ್ಲಿರಬೇಕು. ರಸ್ತೆಯಿಲ್ಲದ ತೋಟ, ಹೊಲಗಳಲ್ಲಿ 11 ಕೆ.ವಿ.ವರೆಗಿನ ಬರಿ ತಂತಿ 4.6 ಮೀಟರ್ ಎತ್ತರದಲ್ಲಿದ್ದರೂ 2010ರ ನಿಯಮಾವಳಿಯ ಪ್ರಕಾರ ಸಾಕಾಗುತ್ತಿತ್ತು. ಕಾಯಿ ಕೀಳುವ ದೋಟಿ ಅದರ ಎರಡರಷ್ಟು, ಮೂರರಷ್ಟು ಉದ್ದ. ದೋಟಿ ಬಿದಿರಿನದಾಗಿದ್ದಾಗ ಒಣಗಿದ್ದರೆ ಹೇಗೋ ಬಚಾವಾಗುತ್ತಿದ್ದರು. ಅಲ್ಯೂಮಿನಿಯಂ ದೋಟಿ ಬಂದ ಮೇಲೆ ತಂತಿ ತಗುಲಿದರೆ ಬಿಡಿಸಿಕೊಳ್ಳುವ ಅವಕಾಶವೇ ಇಲ್ಲ. ಹೊಸ ಪಂಪ್‌ಮನೆಗೆ ಜಾಗ ಗುರುತಿಸುವಾಗ, ತೋಟದಲ್ಲಿ ಹೊಸ ಸಸಿಗಳ ಸಾಲು ಎಲ್ಲಿ ಬರಬೇಕೆಂದು ರೈತರು ಕೇಳಿದಾಗ, ತಂತಿಯ ಕೆಳಗೆ ಬೇಡ ಎಂದು ಹೇಳಬೇಕಾದವರು ವಿದ್ಯುತ್ ಬಲ್ಲವರೇ. ಮನೆಯ ವಿಷಯದಲ್ಲೂ ಹಾಗೆಯೇ: 11 ಕೆ.ವಿ. ತಂತಿಗೂ ಕಟ್ಟಡಕ್ಕೂ ನಡುವೆ ಮೇಲ್ಮುಖವಾಗಿ 3.7 ಮೀಟರ್, ಅಡ್ಡವಾಗಿ 1.2 ಮೀಟರ್ ಅಂತರ ಬೇಕು. ಮಹಡಿ ಏರಿಸುವ ಮೊದಲು ಇದನ್ನು ಅಳೆಯುವವರು ಅಪರೂಪ.

ಕಸುಬುದಾರರು: ಕೊಬ್ಬರಿ ಅಟ್ಟದ ವೈರಿಂಗ್ ಬಗ್ಗೆ ಯಾವ ಪುಸ್ತಕದಲ್ಲೂ ಕಾಣಲಿಲ್ಲ.

ಮೇಷ್ಟ್ರು: ಪುಸ್ತಕದಲ್ಲಿ ಆ ಹೆಸರಿನಿಂದ ಇರುವುದಿಲ್ಲ. ಉಂಡೆ ಕೊಬ್ಬರಿಗಾಗಿ ಇಡೀ ಕಾಯಿಗಳನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಒಣಗಲು ಬಿಡುವುದು ಇಲ್ಲಿನ ಪದ್ಧತಿ. ಸಿಪ್ಪೆ, ಎಣ್ಣೆಯಂಶ, ಮರದ ತೊಲೆ ಮೂರೂ ಬೇಗ ಹೊತ್ತಿಕೊಳ್ಳುವಂಥವು. ಇಲಿ ಕಡಿದ ತಂತಿ, ಸಡಿಲ ಜೋಡಣೆ ಅಲ್ಲಿ ಕಾಣಿಸುವುದೂ ಇಲ್ಲ. ವೈರಿಂಗನ್ನು ಕುರಿತ ಭಾರತೀಯ ಮಾನಕ 732 ಬೆಂಕಿಯ ಅಪಾಯವಿರುವ ಜಾಗಗಳ ಬಗ್ಗೆ ಹೇಳುವುದನ್ನು ಓದುವಾಗ ಈ ಅಟ್ಟವನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಆಯಿತು: ತಂತಿ ಪೈಪಿನೊಳಗಿರಲಿ, ಜೋಡಣೆ ಪೆಟ್ಟಿಗೆ ಅಟ್ಟದ ಹೊರಗಿರಲಿ, ಅಟ್ಟಕ್ಕೆ ಹೋಗುವ ದಾರಿಗೆ ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಬೇರೆ ಎಂ.ಸಿ.ಬಿ. ಸ್ವಿಚ್ಚು ಇರಲಿ.

ಮೇಷ್ಟ್ರ ಪಾಠಕ್ರಮದ ಸ್ವರೂಪ ಇಲ್ಲಿ ಸ್ಪಷ್ಟವಾಗುತ್ತದೆ. ಅವರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬೇಡವೆನ್ನುವುದಿಲ್ಲ, ಆದರೆ ಅಭ್ಯರ್ಥಿಯು ತಾನು ಮುಗಿಸಿದ ಕೆಲಸಗಳನ್ನೇ ಒಂದು ಪುಸ್ತಕದಲ್ಲಿ ಒಂದೊಂದಾಗಿ ಬರೆದು, ಮೋಟಾರು, ಕೇಬಲಿನ ಅಳತೆ ಮತ್ತು ಉದ್ದ, ಫ್ಯೂಸು, ಗುಂಡಿ ಇವುಗಳನ್ನು ನಮೂದಿಸಿ, ಪ್ರತಿಯೊಂದಕ್ಕೂ ಲೆಕ್ಕ ಮಾಡಬೇಕೆಂದು ಒತ್ತಾಯಿಸುತ್ತಾರೆ. ಪುಸ್ತಕದ ಉದಾಹರಣೆಯನ್ನು ಮರೆಯುವವರು ತಾವೇ ಇಳಿಸಿದ ಮೋಟಾರನ್ನು ಮರೆಯುವುದಿಲ್ಲವಾದ್ದರಿಂದ, ಮಧ್ಯವಯಸ್ಸಿನಲ್ಲಿ ಮತ್ತೆ ಓದಲು ಕುಳಿತವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ.

ಕಸುಬುದಾರರು: ಕೊನೆಗೆ ಒಂದು ಮಾತು, ಮೇಷ್ಟ್ರೇ. ಪರವಾನಗಿ ಸಿಕ್ಕ ಮೇಲೆ ಬೇರೆಯವರು ಮಾಡಿದ ವೈರಿಂಗಿಗೆ ಕಂಪ್ಲೀಷನ್ ರಿಪೋರ್ಟಿನಲ್ಲಿ ಸಹಿ ಹಾಕಿಕೊಡಿ ಎಂದು ಕೇಳುವವರು ಬರುತ್ತಾರೆ. ಇಷ್ಟು ದಿನ ಈ ಊರಿನ ಕೆಲಸಗಳೂ ಹಾಗೆಯೇ ಯಾರದ್ದೋ ಸಹಿಯಿಂದ ಸಾಗಿವೆ. ಒಂದು ಸಹಿಗೆ ಇಷ್ಟು ಎಂದು ದರವೂ ಇದೆ. ಬೇಡವೆಂದರೆ ಊರಲ್ಲಿ ಒಳ್ಳೆಯವರಾಗಿ ಉಳಿಯುವುದು ಕಷ್ಟ.

ಮೇಷ್ಟ್ರು: ಆ ವರದಿಯಲ್ಲಿ ಏನು ಬರೆದಿದೆ ಎಂದು ಓದಿ ನೋಡಿ. ಹೊದಿಕೆಯ ರೋಧ ಇಷ್ಟು, ಅರ್ತಿನ ರೋಧ ಇಷ್ಟು, ಕೆಲಸ ನಿಯಮಾನುಸಾರವಾಗಿದೆ ಎಂದು ಅಳೆದು ನೋಡಿದವರು ಹೇಳುವ ಮಾತು ಅದು; ಅದನ್ನು ನಂಬಿಯೇ ಬೆಸ್ಕಾಂ ಸಂಪರ್ಕ ಕೊಡುತ್ತದೆ. ಸ್ಥಳಕ್ಕೇ ಹೋಗದೆ ಅಂಕಿ ತುಂಬಿದರೆ ಕಾಗದದ ಮೇಲೆ 2 ಓಮ್ ಇರುವ ಗುಂಡಿ ತೋಟದಲ್ಲಿ ಇಲ್ಲವೇ ಇಲ್ಲದಿರಬಹುದು. ಜೀವಹಾನಿಯಾದರೆ 2003ರ ಅಧಿನಿಯಮದ 161ನೆಯ ಪ್ರಕರಣದಡಿ ವಿಚಾರಣೆ ನಡೆಯುತ್ತದೆ, 24 ಗಂಟೆಗಳೊಳಗೆ ಪರಿವೀಕ್ಷಕರಿಗೆ ಸುದ್ದಿ ಮುಟ್ಟಬೇಕು, ಅವರು ಬಂದು ಮೊದಲು ಕೇಳುವುದು ಆ ವರದಿಯನ್ನೇ. ಆದರೆ ವಿಚಾರಣೆಯ ಭಯದಿಂದ ಸಹಿ ನಿಲ್ಲಿಸಬೇಕೆಂಬುದು ಇಲ್ಲಿನ ವಾದವಲ್ಲ. 184 ವೋಲ್ಟಿನ ಲೆಕ್ಕವನ್ನು ಒಮ್ಮೆ ತಾವೇ ಮಾಡಿದವರಿಗೆ ಅಳೆಯದ ಗುಂಡಿಗೆ ಸಹಿ ಹಾಕಲು ಮನಸ್ಸು ಬರಬಾರದು. ಕೇಳಲು ಬಂದವರಿಗೆ ಇಲ್ಲವೆನ್ನುವ ಬದಲು, ಮೆಗ್ಗರ್, ಅರ್ತ್ ಟೆಸ್ಟರ್ ತೆಗೆದುಕೊಂಡು ಬರುತ್ತೇವೆ, ಅಳೆದು ಸರಿಯಿಲ್ಲದ್ದನ್ನು ಸರಿಮಾಡಿಸಿದರೆ, ಮುಂದಿನ ಕೆಲಸವನ್ನು ಮೊದಲಿನಿಂದಲೇ ಒಟ್ಟಿಗೆ ಮಾಡಿದರೆ ಸಹಿ ಆಗುತ್ತದೆ ಎನ್ನಿ. ಊರಿನವರ ಜೊತೆ ಸಂಬಂಧ ಅದರಿಂದ ಕೆಡುವುದಿಲ್ಲ.

ಕಸುಬುದಾರರು: ಈಗಾಗಲೇ ಕೂರಿಸಿದ ಸ್ಟಾರ್ಟರುಗಳಿವೆಯಲ್ಲ, ಪಿ.ವಿ.ಸಿ. ಕೇಸಿಂಗಿಗೆ ಅರ್ತ್ ಸುತ್ತಿದಂಥವು. ಅವುಗಳಿಗೆ ಈಗ ಯಾರ ಸಹಿಯೂ ಬೇಕಾಗಿಲ್ಲ, ಕೇಳುವವರೂ ಇಲ್ಲ.

ಮೇಷ್ಟ್ರು: ಕೇಳುವವರಿಲ್ಲದಿದ್ದರೂ ಅವು ಯಾವ ಯಾವ ತೋಟದಲ್ಲಿವೆಯೆಂದು ಗೊತ್ತಿರುವವರು ನೀವೊಬ್ಬರೇ. ಲೆಕ್ಕದ ಪುಸ್ತಕದಲ್ಲಿ ಅವುಗಳನ್ನು ಮೊದಲು ಬರೆಯಿರಿ. ಎರಡು ಗುಂಡಿ ಮತ್ತು ಒಂದು ನಾಲ್ಕು ಪೋಲಿನ ಆರ್.ಸಿ.ಸಿ.ಬಿ.ಗೆ ತಗಲುವ ಖರ್ಚು ಸುಟ್ಟ ಮೋಟಾರನ್ನು ಎತ್ತಿ ರೀವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಖರ್ಚಿಗಿಂತ ಹೆಚ್ಚಾಗದೆಂದು ತೋಟದವರಿಗೆ ತಿಳಿಸಿ ಮಾಡಿಸಿ. ಗುಂಡಿಯನ್ನು ಅಳೆಯುವುದು ಮಾತ್ರ ಮುಂಗಾರು ಬರುವ ಮೊದಲೇ ಆಗಲಿ. ಮಳೆಯಾದ ಮೇಲೆ ಯಾವ ಗುಂಡಿಯಾದರೂ ಒಳ್ಳೆಯ ಅಂಕಿ ಕೊಡುತ್ತದೆ, ದಾಖಲೆಗೆ ಹೋಗಬೇಕಾದದ್ದು ಮಣ್ಣು ಒಣಗಿದಾಗ ಬಂದ ಅಂಕಿ.